ಇಳಿವಯಸ್ಸಿನಲ್ಲಿ ಗರಡಿಯ ಸಾಧನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಸಾಮು ಮಾಡಿದ ಮೈ ಎಂಬ ಮಾತಿಗೆ ಒಂದು ಗೌರವವುಂಟು. ಆದರೆ ಆ ಗೌರವವನ್ನು ನಾವು ಇಪ್ಪತ್ತೈದರ ತರುಣನಿಗಷ್ಟೇ ಮೀಸಲಿಟ್ಟಿದ್ದೇವೆ. ಮದುವೆ, ಒಕ್ಕಲುತನ, ನೌಕರಿಗಳು ಬಂದೊಡನೆ ಪೈಲ್ವಾನನು ಲಂಗೋಟಿಯನ್ನು ಗೂಟಕ್ಕೆ ಹಾಕುತ್ತಾನೆ. ಹಾಲು ತುಪ್ಪದ ರೂಢಿ ಮಾತ್ರ ಉಳಿಯುತ್ತದೆ. ಐವತ್ತರ ಹೊತ್ತಿಗೆ ಹೊಟ್ಟೆಯೂ ಮಂಡಿನೋವೂ ಜೊತೆಯಾದಾಗ ಜನ ದೂಷಿಸುವುದು ಗರಡಿಯನ್ನು! ವಾಸ್ತವವಾಗಿ ಬಹುಪಾಲು ಕೆಡುಕು ಸಾಧನೆಯಿಂದಲ್ಲ, ಅದನ್ನು ಥಟ್ಟನೆ ಬಿಟ್ಟುದರಿಂದ.

ಹಿಂದಿನವರು ವಯೋಭೇದವನ್ನು ಅರಿಯದವರಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಭಾಗದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರ ವಿಂಗಡಿಸಲಾಗಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ: ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆ ತಿಕ್ಕಿಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ತಿರುಗಿಸಿ ಬೆವರಿಳಿಸಿ, ಬಳಿಕ ತನ್ನ ಮಲ್ಲನೊಬ್ಬನೊಡನೆ ಸೆಣಸುತ್ತಿದ್ದನಂತೆ. (ಮಹಾನವಮಿಯಲ್ಲಿ ಪೇಸ್ ಕಂಡ ಕಾಳಗ ಮಾತ್ರ ಹಲ್ಲುದುರಿಸುವಂಥದು, ಅದನ್ನು ಅನುಕರಿಸಬೇಕಿಲ್ಲ.) ರಾಜ್ಯಭಾರದ ನಡುವೆಯೂ ತಾಲೀಮು ಬಿಡದ ಅರಸನ ನಾಡಿನಲ್ಲಿ, 2021ರಲ್ಲಿ ಅವನ ರಾಜಧಾನಿಯ ಹೆಸರನ್ನೇ ಹೊತ್ತ ಜಿಲ್ಲೆಯಲ್ಲಿ, ಗುಮಾಸ್ತನೊಬ್ಬ ವೇಳೆಯಿಲ್ಲವೆನ್ನುವುದು ಸೋಜಿಗವೇ.

1928ರಲ್ಲಿ ಪಟಿಯಾಲದಲ್ಲಿ ಗಾಮಾ ಪೈಲ್ವಾನನು ಜ್ಬಿಷ್ಕೊನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದಾಗ ಅವನಿಗೆ ಐವತ್ತರ ಆಸುಪಾಸು. ಅಂಥವರು ವಿರಳ. ನಮಗೆ ಹತ್ತಿರವಾದ ಮಾದರಿ ಕೇರಳದ ವಡಕರದ ಮೀನಾಕ್ಷಿಯಮ್ಮನವರು; ಬಾಲ್ಯದಿಂದ ಕಳರಿಪಯಟ್ಟು ಅಭ್ಯಸಿಸಿ, ಎಪ್ಪತ್ತು ದಾಟಿದ ಮೇಲೂ ಕಲಿಸುತ್ತಿದ್ದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು.

ಮೂವತ್ತರ ನಂತರ ಮಾಂಸಖಂಡವು ದಶಕಕ್ಕೆ ನೂರಕ್ಕೆ 3ರಿಂದ 8ರಷ್ಟು ಕುಗ್ಗುತ್ತದೆ. ಅರವತ್ತರ ಬಳಿಕ ಈ ಇಳಿತ ಇನ್ನೂ ವೇಗವಾಗುತ್ತದೆ. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಳ್ಳುವ ಹಿರಿಯರಲ್ಲಿ ಕಾಲಿನ ಬಲವೂ ತೋಲನವೂ ಮೊದಲೇ ಕುಂದಿರುತ್ತವೆ. ಅರವತ್ತೈದು ಮೀರಿದವರು ವಾರಕ್ಕೆ 3 ದಿನವಾದರೂ ತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಗರಡಿಯಲ್ಲಿ ಇವೆರಡೂ ಒಂದೇ ಎಡೆಯಲ್ಲಿ ದೊರೆಯುತ್ತವೆ.

ಆದರೆ ಕ್ರಮ ಬದಲಾಗಬೇಕು. ಗುಂಡು ಎತ್ತುವುದನ್ನು ಮೊದಲು ಬಿಡತಕ್ಕದ್ದು. ಉಸಿರು ಬಿಗಿಹಿಡಿದು ಭಾರವೆತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ತಲೆಯೂರಿ ಕತ್ತಿನ ಮೇಲೆ ಮೈಭಾರ ಹೊರುವ ಸಾಧನೆಯೂ ಬೇಡ. ಬಸ್ಕಿಯನ್ನು ಪೂರ್ತಿ ಕುಳಿತು ಮಾಡದೆ, ಮಂಡಿ ನೋಯದಷ್ಟಕ್ಕೆ ಅರ್ಧಕ್ಕೇ ಏಳಬಹುದು. ದಂಡವನ್ನು ನೆಲದ ಬದಲು ಕಟ್ಟೆಗೆ ಕೈಯೂರಿ ಹೊಡೆಯಬಹುದು. ಹಗುರವಾದ ಮರದ ಗದೆಯನ್ನು ನಿಧಾನವಾಗಿ ತಿರುಗಿಸಿದರೆ ಹೆಗಲ ಕೀಲು ಸಡಿಲಾಗಿ ಉಳಿಯುತ್ತದೆ. ಕುಸ್ತಿಯಲ್ಲಿ ಪಟ್ಟು ಹಾಕುವುದುಂಟು, ಎತ್ತಿ ಒಗೆಯುವುದಿಲ್ಲ. ಗೆಲ್ಲುವ ಛಲವಂತೂ ಹುಡುಗರಿಗಿರಲಿ. ಹೇಗೆ ಬೀಳಬೇಕೆಂಬುದನ್ನು ಮಟ್ಟಿಯ ಮೇಲೆ ಕಲಿತಿದ್ದವರು ಆ ಅಭ್ಯಾಸವನ್ನು ಬಿಡಬಾರದು. ಮುಪ್ಪಿನಲ್ಲಿ ಒದಗುವ ಪಟ್ಟು ಅದೇ.

ಬಹುಕಾಲ ಬಿಟ್ಟು ಮತ್ತೆ ತೊಡಗುವವರು ವೈದ್ಯರಿಗೆ ತೋರಿಸಿಕೊಂಡೇ ಅಖಾಡಕ್ಕಿಳಿಯತಕ್ಕದ್ದು. ಮೊದಲ ತಿಂಗಳು ಮಟ್ಟಿ ಅಗೆದು ಹದಮಾಡುವುದು, ನಡಿಗೆ, ಎಣ್ಣೆ ತಿಕ್ಕುವುದು ಇಷ್ಟೇ ಸಾಕು. ಗುದ್ದಲಿ ಹಿಡಿದು ಅಖಾಡ ಅಗೆಯುವುದೇ ಒಳ್ಳೆಯ ತಾಲೀಮೆಂಬುದನ್ನು ಹಳೆಯ ಉಸ್ತಾದರು ಬಲ್ಲರು; ಎದೆಯಲ್ಲಿ ನೋವು ಅಥವಾ ತಲೆಸುತ್ತು ಕಂಡರೆ ಅಂದಿಗೆ ಗುದ್ದಲಿಯನ್ನೂ ಕೆಳಗಿಡಬೇಕು.