ಐದು ಮಿಲಿಗ್ರಾಂ ಕೆಳಗೆ

ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ತಜ್ಞರು ‘ಆಟೋಇಮ್ಯೂನ್ ಹೆಪಟೈಟಿಸ್’ ಎಂದು ಬರೆದುಕೊಟ್ಟ ಚೀಟಿ ಹಿಡಿದು ನೇಸರಗಿ ಸುತ್ತಲಿನವರು ನನ್ನ ದವಾಖಾನೆಗೆ ಬರುತ್ತಾರೆ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಲಿವರಿನ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಬಯಾಪ್ಸಿ, ಎಎನ್‌ಎ, ಐಜಿಜಿ ರಕ್ತಪರೀಕ್ಷೆ ಎಲ್ಲ ದೊಡ್ಡ ಆಸ್ಪತ್ರೆಯಲ್ಲಿ ಮುಗಿದಿರುತ್ತವೆ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಅಲ್ಲಿಯೇ ಶುರುವಾಗಿರುತ್ತದೆ. ಶುರು ಮಾಡುವುದು ಒಂದು ದಿನದ ಕೆಲಸ. ಅದನ್ನು 40ರಿಂದ 30, 20, 15, 10, ಆಮೇಲೆ 5 ಮಿಲಿಗ್ರಾಂಗೆ ಇಳಿಸುವುದು ತಿಂಗಳುಗಟ್ಟಲೆಯ ಕೆಲಸ. ಅದು ನಡೆಯುವುದು ಅಡುಗೆಮನೆಯ ಮಾಡದಲ್ಲಿಟ್ಟ ಡಬ್ಬಿ, ಊರಿನ ಮೆಡಿಕಲ್ ಅಂಗಡಿ, ಕಬ್ಬಿನ ಹೊಲ, ಎಲ್ಲಮ್ಮನ ಗುಡ್ಡ ಇವುಗಳ ನಡುವೆ. ತಜ್ಞರ ಲೆಕ್ಕ ಸರಿಯಾಗಿಯೇ ಇರುತ್ತದೆ. ಚೀಟಿ ಮನೆ ಸೇರಿದ ಮೇಲೆ ಏನೇನಾಗುತ್ತದೆ ಎಂಬುದರಿಂದ ನಾನು ಕಲಿತದ್ದು ಇಷ್ಟು.

1. ಮೊದಲು ಕುಡಿತದ ಮಾತು ಮುಗಿಸಿ

ಲಿವರ್ ಕೆಟ್ಟಿದೆ ಎಂದರೆ ಊರಿಗೆ ಗೊತ್ತಿರುವ ಕಾರಣ ಒಂದೇ. ಈ ಕಾಯಿಲೆಯವರಲ್ಲಿ ಹೆಂಗಸರೇ ಹೆಚ್ಚು, ಸೆರೆ ಮುಟ್ಟದವರೇ ಬಹಳ. “ಸಾಹೇಬ್ರ, ಅಕಿ ಒಂದ ಹನಿ ಮುಟ್ಟಿಲ್ರಿ, ಲಿವರ್ ಹೆಂಗ ಕೆಟ್ಟತ್ರಿ?” ಎಂದು ಗಂಡ ಕೇಳುವಾಗ ಆ ಪ್ರಶ್ನೆಯಲ್ಲಿ ಅರ್ಧ ಅನುಮಾನವೂ ಇರುತ್ತದೆ. ಅತ್ತೆ, ಗಂಡ, ಮೈದುನ ಎಲ್ಲರನ್ನೂ ಕೂಡಿಸಿ ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ. ಹೇಳದಿದ್ದರೆ ಆಕೆ ಗುಳಿಗೆಯನ್ನು ಮುಚ್ಚಿಟ್ಟು ನುಂಗಲು ಶುರು ಮಾಡುತ್ತಾಳೆ, ಮುಚ್ಚಿಟ್ಟು ನುಂಗುವ ಗುಳಿಗೆ ತಪ್ಪಿದರೆ ನೆನಪಿಸಲು ಯಾರೂ ಇರುವುದಿಲ್ಲ.

2. ಕನ್ನಡಿಗೆ ಅಂಜಿ ಗುಳಿಗೆ ಬಿಡುವವರೇ ಬಹಳ

“ಮಾರಿ ನೋಡ್ರಿ ಹೆಂಗ ಬಾತೈತಿ. ಬರೂ ಸ್ವಾಮಾರ ಹೆಣ್ಣ ನೋಡಾಕ ಬರಾವ್ರದಾರ.” ಹೀಗೆಂದ ತಾಯಿಯ ಪಕ್ಕದಲ್ಲಿ ಮಗಳು ಸೆರಗಿನಿಂದ ಗಲ್ಲ ಮುಚ್ಚಿಕೊಂಡು ಕುಳಿತಿದ್ದಳು. ಡಬ್ಬಿ ತೆಗೆಸಿ ಎಣಿಸಿದರೆ ಮುಗಿದಿರಬೇಕಾದ ಗುಳಿಗೆಗಳು ಅರ್ಧದಷ್ಟು ಅಲ್ಲೇ ಇದ್ದವು. ತಾಯಿಗೂ ಗೊತ್ತಿರಲಿಲ್ಲ.

ಮುಖ ದುಂಡಗಾಗುವುದು, ಮೊಡವೆ, ಹಸಿವು, ನಿದ್ದೆಗೇಡು ಎಲ್ಲ ಈ ಔಷಧದ ಜೊತೆ ಬರುತ್ತವೆ. ಪ್ರಮಾಣ ಇಳಿದಂತೆ ಮುಖವೂ ಇಳಿಯುತ್ತದೆ ಎಂದು ಮೊದಲ ದಿನವೇ ಹೇಳಬೇಕು, ಮುಖ ಬಾತ ಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗಿ ಕೇಳುತ್ತದೆ. ಔಷಧ ಯಾಕೆ ಬೇಕು ಎಂಬುದನ್ನೂ ಅಂದೇ ಹೇಳಬೇಕು. 1971ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಶೀಲಾ ಶರ್ಲಾಕ್ ಮತ್ತು ಸಂಗಡಿಗರು ಪ್ರೆಡ್ನಿಸೊಲೋನ್ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದರು. ಪಡೆದವರಲ್ಲಿ ಸಾವು ಬಹಳ ಕಡಿಮೆಯಾಗಿತ್ತು. ಅಲ್ಲಿಯವರೆಗೆ ಈ ಕಾಯಿಲೆ ಜೋರಾಗಿದ್ದವರು ಕೆಲವೇ ವರ್ಷಗಳಲ್ಲಿ ಲಿವರ್ ಸೋತು ಹೋಗುತ್ತಿದ್ದರು. ‘ಸ್ಟೀರಾಯ್ಡ್ ಅಂದ್ರ ವಿಷ’ ಎನ್ನುವವರ ಎದುರು ನಾನು ಇಡುವುದು ಈ ಮಾತನ್ನೇ.

ಮುಖ ಅಷ್ಟಾಗಿ ಬಾಯದ ಬುಡೆಸೊನೈಡ್ ಎಂಬ ಔಷಧವೂ ಇದೆ. ಆದರೆ ಲಿವರ್ ಗಂಟುಗಟ್ಟಿ ಸಿರೋಸಿಸ್ ಆದವರಿಗೆ ಅದು ಸಲ್ಲದು. ನಮ್ಮ ಕಡೆ ಎಷ್ಟೋ ಜನ ತಡವಾಗಿ, ಸಿರೋಸಿಸ್ ಆದ ಮೇಲೆಯೇ ಪತ್ತೆಯಾಗುವುದರಿಂದ ಆ ಬಾಗಿಲು ಹಲವರಿಗೆ ಮುಚ್ಚಿರುತ್ತದೆ.

3. ‘ಆರಾಮ ಅದೀನ್ರಿ’ ಎಂಬುದನ್ನು ನಂಬಿ ಇಳಿಸಬಾರದು

ಪ್ರೆಡ್ನಿಸೊಲೋನ್ ಶುರುವಾದ ಕೆಲವೇ ದಿನಗಳಲ್ಲಿ ಹಸಿವು ಬರುತ್ತದೆ, ಮೈಯಲ್ಲಿ ಕಸುವು ಬಂದಂತೆ ಆಗುತ್ತದೆ. ರಕ್ತದಲ್ಲಿ ಲಿವರಿನ ಉರಿಯೂತ ತೋರಿಸುವ ಎಎಲ್‌ಟಿ ಆಗಲೂ ಏರಿಯೇ ಇರಬಹುದು. ಎಎಲ್‌ಟಿ, ಎಎಸ್‌ಟಿ, ಐಜಿಜಿ ಮೂರೂ ಸಹಜಕ್ಕೆ ಬಂದ ಮೇಲೂ ಲಿವರಿನ ಒಳಗಿನ ಉರಿಯೂತ ಆರಲು ಇನ್ನೂ ಹಲವು ತಿಂಗಳು ಬೇಕು. ಹಾಗಾಗಿ ಒಂದು ರಿಪೋರ್ಟು ಚೆನ್ನಾಗಿ ಬಂತೆಂದು ಎರಡು ಮೆಟ್ಟಿಲು ಒಟ್ಟಿಗೆ ಇಳಿಯುವಂತಿಲ್ಲ. ಪ್ರತಿ ಇಳಿಕೆಯ ಮುಂಚೆ ರಕ್ತ ತಪಾಸಣೆ, ಇಳಿಸಿದ ಎರಡರಿಂದ ನಾಲ್ಕು ವಾರದಲ್ಲಿ ಮತ್ತೊಮ್ಮೆ. ಬೆಳಗಾವಿ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎಲ್ಲ ನನಗೆ ಗೊತ್ತು. ಲಿವರ್ ಫಂಕ್ಷನ್ ಟೆಸ್ಟಿಗೆ ಬೆಳಗಾವಿಗೆ ಹೋಗಬೇಕಾಗಿಲ್ಲ, ಬೈಲಹೊಂಗಲದಲ್ಲಿ ಮಾಡಿಸಿ ಫೋಟೊ ತೆಗೆದು ತಜ್ಞರಿಗೆ ಕಳಿಸಿದರೂ ನಡೆಯುತ್ತದೆ. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು. ಬೇರೆ ಬೇರೆ ಲ್ಯಾಬಿನ ಅಂಕಿಗಳನ್ನು ಹೋಲಿಸಿ ಗಾಬರಿಯಾದವರಿದ್ದಾರೆ.

4. ದಣಿವು ಎರಡು ಬಗೆಯದು

ಈ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳುತ್ತೇನೆ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ದಿನಾ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತವೆ. ಹೊರಗಿನಿಂದ ಪ್ರೆಡ್ನಿಸೊಲೋನ್ ಬರತೊಡಗಿದರೆ ಅವು ಕೆಲಸ ನಿಲ್ಲಿಸುತ್ತವೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ನುಂಗಿದವರಲ್ಲಿ ಈ ಜಡತನ ಬಂದಿರಬಹುದು, ವರ್ಷಗಟ್ಟಲೆ ನುಂಗಿದವರಲ್ಲಿ ಖಂಡಿತ ಬಂದಿದೆ ಎಂದೇ ನಡೆಯಬೇಕು. ದೇಹದ ದಿನದ ಅಗತ್ಯ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ಆದ್ದರಿಂದ 40ರಿಂದ 10ರವರೆಗೆ ಜನ ಸಲೀಸಾಗಿ ಇಳಿಯುತ್ತಾರೆ, 5ರ ಕೆಳಗೆ ಕಾಲಿಟ್ಟಾಗ ಮೈ ಕುಸಿಯುತ್ತದೆ. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಎತ್ತಿಗೆ ಮೊದಲ ದಿನವೇ ಇಡೀ ಹೊಲದ ಗಳೆ ಹೂಡುವ ರೈತ ನಮ್ಮಲ್ಲಿಲ್ಲ, ಗ್ರಂಥಿಯ ವಿಷಯದಲ್ಲೂ ಅಷ್ಟೇ ತಾಳ್ಮೆ ಬೇಕು. 5ರ ಕೆಳಗೆ ಒಂದೊಂದೇ ಮಿಲಿಗ್ರಾಂ, ಕೆಲವರಿಗೆ ಅದಕ್ಕೂ ಕಡಿಮೆ. ಗ್ರಂಥಿ ಪೂರ್ತಿ ಎಚ್ಚರಗೊಳ್ಳಲು ಕೆಲವರಲ್ಲಿ ಒಂದು ವರ್ಷವೂ ಹಿಡಿಯುತ್ತದೆ.

ತೊಡಕಿರುವುದು ಇಲ್ಲಿ. ಗ್ರಂಥಿ ಏಳದಿದ್ದರೆ ದಣಿವು, ಕೀಲುನೋವು, ವಾಕರಿಕೆ, ಹಸಿವಿಲ್ಲ. ಲಿವರಿನ ಕಾಯಿಲೆ ಮರುಕಳಿಸಿದರೂ ದಣಿವು, ಕೀಲುನೋವು, ವಾಕರಿಕೆ, ಹಸಿವಿಲ್ಲ. ಕೂತಲ್ಲಿಂದ ಎದ್ದಾಗ ಕಣ್ಣು ಕತ್ತಲೆ ಬರುವುದು, ಬಿಪಿ ಇಳಿಯುವುದು, ಮುಂಜಾನೆ ಹಾಸಿಗೆ ಬಿಟ್ಟು ಏಳಲಾಗದಿರುವುದು ಗ್ರಂಥಿಯ ಕಡೆ ಬೆರಳು ತೋರಿಸುತ್ತವೆ. ತುರಿಕೆ, ಕಪ್ಪು ಮೂತ್ರ, ಕಣ್ಣು ಹಳದಿಯಾಗುವುದು ಲಿವರಿನ ಕಡೆ. ಆದರೆ ಲಿವರಿನ ಈ ಗುರುತುಗಳು ಬರುವ ಹೊತ್ತಿಗೆ ತಡವಾಗಿರುತ್ತದೆ, ಎಷ್ಟೋ ಸಲ ಮರುಕಳಿಕೆ ಸದ್ದಿಲ್ಲದೆ ಎಎಲ್‌ಟಿಯಲ್ಲಿ ಮಾತ್ರ ಕಾಣುತ್ತದೆ. ಆದ್ದರಿಂದ ದಣಿವೆಂದು ಬಂದವರಿಗೆ ನಾನು ಟಾನಿಕ್ ಬರೆಯುವುದಿಲ್ಲ, ಸಲಾಯಿನ್ ಹಚ್ಚಿ ಕಳಿಸುವುದಿಲ್ಲ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡುತ್ತೇನೆ, ಅಂದೇ ಎಎಲ್‌ಟಿಗೆ ರಕ್ತ ತೆಗೆಸುತ್ತೇನೆ. ಎಎಲ್‌ಟಿ ಸಹಜವಿದ್ದರೆ ಬೆಳಗಿನ ಎಂಟರ ಸುಮಾರಿಗೆ ಕಾರ್ಟಿಸಾಲ್ ತಪಾಸಣೆ. ಹಿಂದಿನ ಗುಳಿಗೆ ನುಂಗಿ 24 ಗಂಟೆ ಕಳೆದಿರಬೇಕು, ಅಂದಿನ ಗುಳಿಗೆ ರಕ್ತ ಕೊಟ್ಟ ಮೇಲೆ. ಪ್ರೆಡ್ನಿಸೊಲೋನ್ ರಕ್ತದಲ್ಲಿದ್ದರೆ ಯಂತ್ರ ಅದನ್ನೇ ಕಾರ್ಟಿಸಾಲ್ ಎಂದು ಎಣಿಸಿಬಿಡಬಹುದು.

ಲಿವರ್ ಮರುಕಳಿಸಿದ್ದರೆ ಪ್ರಮಾಣ ಮತ್ತೆ ಏರಿಸಬೇಕು. ಗ್ರಂಥಿಯ ಜಡತನವಾದರೆ ಹಿಂದಿನ ಒಂದು ಮೆಟ್ಟಿಲಿಗೆ ಹೋಗಿ ನಿಂತರೆ ಸಾಕಾಗುತ್ತದೆ. ಒಂದನ್ನು ಇನ್ನೊಂದೆಂದು ತಿಳಿದರೆ ಒಬ್ಬರಿಗೆ ಬೇಡದ ಸ್ಟೀರಾಯ್ಡ್ ಹೋಗುತ್ತದೆ, ಇನ್ನೊಬ್ಬರ ಲಿವರ್ ಒಳಗೊಳಗೇ ಸುಡುತ್ತದೆ.

5. ಪಾಡ್ಯದ ದಿನ ಇಳಿಸಿ

‘ಹದಿನೈದು ದಿನಕ್ಕೊಮ್ಮೆ ಇಳಿಸಿ’ ಎಂಬ ಸೂಚನೆ ಚೀಟಿಯಲ್ಲಿರುತ್ತದೆ. ತಾರೀಖು ಮರೆಯುತ್ತಾರೆ, ಅಮಾವಾಸ್ಯೆ ಹುಣ್ಣಿಮೆ ಮರೆಯುವುದಿಲ್ಲ. ಅಮಾವಾಸ್ಯೆ ದಿನವೇ ಬದಲಿಸಿ ಎಂದರೆ ಕೆಲವರು “ಅವತ್ತ ಬ್ಯಾಡ್ರಿ” ಎನ್ನುತ್ತಾರೆ. ಮರುದಿನ ಪಾಡ್ಯಕ್ಕೆ ಯಾರ ತಕರಾರೂ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳ ಮನೆಗಳಿಗೆ ಸುತ್ತು ಹಾಕಿ, ಒಳಗೆ 15, 12.5, 10 ಎಂದು ದೊಡ್ಡದಾಗಿ ಬರೆದುಕೊಡುತ್ತೇನೆ. ಅಕ್ಷರ ಬಾರದ ಅಜ್ಜಿಗೂ ಅಂಕಿ ಓದಲು ಬರುತ್ತದೆ. ಸಾಲಿಗೆ ಹೋಗುವ ಮೊಮ್ಮಗನಿಗೆ ಕಾವಲು ಕೆಲಸ ಕೊಟ್ಟರೆ ಅವನು ಯಾರನ್ನೂ ಬಿಡುವುದಿಲ್ಲ.

6. ಮೆಡಿಕಲ್ ಅಂಗಡಿಯ ಗಣಿತ

5ರವರೆಗೆ ಇಳಿಸುವ ಕಾಲದಲ್ಲಿ 5 ಮಿಲಿಗ್ರಾಂನ ಗುಳಿಗೆ ಮಾತ್ರ ಮನೆಯಲ್ಲಿರಲಿ. 20, 10ರ ಪಟ್ಟಿಗಳು ಉಳಿದಿದ್ದರೆ ನಾನೇ ಇಸಿದುಕೊಳ್ಳುತ್ತೇನೆ. ಬಣ್ಣ, ಆಕಾರ ಹತ್ತಿರ ಹತ್ತಿರ ಇರುವುದರಿಂದ 5ರ ಬದಲು 10 ನುಂಗುವುದು ಕಷ್ಟವೇನಲ್ಲ. ಅಂಗಡಿಯವರು ‘ಅದಿಲ್ಲ, ಇದೂ ಅದss ಐತಿ’ ಎಂದು ಮಿಥೈಲ್‌ಪ್ರೆಡ್ನಿಸೊಲೋನ್ ಕೊಟ್ಟರೆ, ಅದರ 4 ಮಿಲಿಗ್ರಾಂ ಇದರ 5ಕ್ಕೆ ಸಮ, 8 ಕೊಟ್ಟರೆ ಪ್ರಮಾಣ ಇಮ್ಮಡಿಯಾಯಿತು. ಬೆಟಾಮೆಥಾಸೋನಿನ ಅರ್ಧ ಮಿಲಿಗ್ರಾಂನ ಪುಟ್ಟ ಗುಳಿಗೆ ಸುಮಾರು 4 ಮಿಲಿಗ್ರಾಂ ಪ್ರೆಡ್ನಿಸೊಲೋನಿನಷ್ಟು. ಕೀಲುನೋವಿಗೆಂದು ಪೊಟ್ಟಣದಲ್ಲಿ ಬಿಡಿಬಿಡಿಯಾಗಿ ಕಟ್ಟಿಕೊಡುವ ಗುಳಿಗೆಗಳಲ್ಲಿ ಇಂಥವು ಇರುತ್ತವೆ. ಇಲ್ಲಿ ಇಳಿಸುತ್ತಿದ್ದೇವೆ ಎಂದುಕೊಂಡರೆ ಅಲ್ಲಿ ಏರುತ್ತಿರುತ್ತದೆ. ಆಮೇಲೆ ಪೊಟ್ಟಣ ಮುಗಿದ ದಿನ ದಿಢೀರನೆ ಬೀಳುತ್ತಾರೆ.

7. ಜ್ವರ, ವಾಂತಿ, ಜಾತ್ರೆ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು, ಕೆಲವರು ನಡೆದೇ ಹೋಗುತ್ತಾರೆ. ಹೋಗಬೇಡಿ ಎನ್ನುವವನು ನಾನಲ್ಲ, ಎಂದರೂ ಕೇಳುವವರಿಲ್ಲ. ನಾನು ಹೇಳುವುದು ಇಷ್ಟೇ: ಉಪವಾಸವಿದ್ದರೂ ಗುಳಿಗೆ ತಪ್ಪಬಾರದು, ಬರಿ ಹೊಟ್ಟೆಗೆ ಬೇಡ, ಬಾಳೆಹಣ್ಣು ಹಾಲಿನ ಜೊತೆಗಾದರೂ ನುಂಗಿ.

ಮೈ ಸುಡುವ ಜ್ವರ ಬಂದರೆ, ಹಲ್ಲು ಕೀಳಿಸುವುದೋ ಆಪರೇಷನ್ನೋ ಇದ್ದರೆ ದೇಹಕ್ಕೆ ಕಾರ್ಟಿಸಾಲ್ ಹೆಚ್ಚು ಬೇಕು. ಜಡವಾದ ಗ್ರಂಥಿ ಕೊಡಲಾರದು. ಜ್ವರದ ದಿನಗಳಲ್ಲಿ ಎಷ್ಟು ಹೆಚ್ಚಿಸಬೇಕೆಂದು ತಜ್ಞರಿಂದ ಮೊದಲೇ ಬರೆಸಿಟ್ಟುಕೊಂಡಿರಬೇಕು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಮನೆಯಲ್ಲಿ ಕೂರುವಂತಿಲ್ಲ, ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಬೇಕು. ರಾತ್ರಿ ಹೊತ್ತು ಗುರುತಿಲ್ಲದ ದವಾಖಾನೆಗೆ ಹೋದರೆ ಅಲ್ಲಿಯ ವೈದ್ಯರಿಗೆ ಇದು ಹೊಳೆಯಲೆಂದು, ಆಧಾರ್ ಕಾರ್ಡಿನ ಜೊತೆ ಇಡಲು ಒಂದು ಚೀಟಿ ಕೊಡುತ್ತೇನೆ: ‘ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಹಠಾತ್ ನಿಲ್ಲಿಸಬಾರದು.’ ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ. ಸ್ಟೀರಾಯ್ಡಿನ ಮರೆಯಲ್ಲಿ ಕ್ಷಯ ಎದ್ದು ಕೂರುತ್ತದೆ.

8. ಜೊತೆಯ ಗುಳಿಗೆ

ಸ್ಟೀರಾಯ್ಡ್ ಇಳಿಯಲು ಸಾಧ್ಯವಾಗುವುದು ಅಜಥಯೋಪ್ರಿನ್ ಎಂಬ ಇನ್ನೊಂದು ಗುಳಿಗೆ ಭಾರ ಹೊರುವುದರಿಂದ. ಸ್ಟೀರಾಯ್ಡ್ ಬಿಟ್ಟ ಖುಷಿಯಲ್ಲಿ ಇದನ್ನೂ ಬಿಡುವವರಿದ್ದಾರೆ. ಶುರುವಿನಲ್ಲಿ ಬಿಳಿ ರಕ್ತಕಣಗಳ ಎಣಿಕೆ ಪದೇ ಪದೇ ಆಗಬೇಕು. ಯೂರಿಕ್ ಆ್ಯಸಿಡಿಗೆ ಅಲೋಪ್ಯೂರಿನಾಲ್ ಬರೆಯುವ ಯಾವ ವೈದ್ಯರಿಗೂ ಇದರ ಹೆಸರು ಮೊದಲು ಹೇಳಬೇಕು. ಎರಡೂ ಕೂಡಿದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ.

9. ಅಮೃತಬಳ್ಳಿ

ಕೋವಿಡ್ ಕಾಲದಿಂದ ಅಮೃತಬಳ್ಳಿ ಕಷಾಯ ಮನೆಮನೆಗೆ ಬಂತು. 2021ರಲ್ಲಿ ಮುಂಬಯಿಯ ಲಿವರ್ ತಜ್ಞರು ಅದನ್ನು ಸೇವಿಸಿದ ಮೇಲೆ ಲಿವರ್ ಕೆಟ್ಟ 6 ಮಂದಿಯ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಮರುವರ್ಷ ದೇಶದ ಹಲವು ಕೇಂದ್ರಗಳಿಂದ 43 ಮಂದಿಯ ವರದಿ ಬಂತು. ಅವರಲ್ಲಿ ಅನೇಕರಿಗೆ ಕಾಣಿಸಿಕೊಂಡದ್ದು ಆಟೋಇಮ್ಯೂನ್ ಬಗೆಯ ಉರಿಯೂತವೇ. ರೋಗನಿರೋಧಕ ಶಕ್ತಿಯನ್ನು ತಗ್ಗಿಸಲೆಂದು ಗುಳಿಗೆ ನುಂಗುತ್ತಿರುವವರು ಅದನ್ನು ಹೆಚ್ಚಿಸುತ್ತದೆಂಬ ಕಷಾಯ ಕುಡಿಯುವುದು ನನಗಂತೂ ಅರ್ಥವಾಗಿಲ್ಲ. ಕಾಮಾಲೆಗೆ ಕೊಡುವ ನಾಟಿ ಔಷಧಕ್ಕೂ ಈ ಕಾಯಿಲೆಯಲ್ಲಿ ನಾನು ಬೇಡವೆಂದೇ ಹೇಳುತ್ತೇನೆ.

10. ಸೊನ್ನೆಯೇ ಗುರಿಯಲ್ಲ

ಸ್ಟೀರಾಯ್ಡ್ ಬಿಟ್ಟು ಅಜಥಯೋಪ್ರಿನ್ ಒಂದರ ಮೇಲೆ ನಡೆಯುವುದು ಬೇರೆ, ಎಲ್ಲ ಔಷಧವನ್ನೂ ಬಿಡುವುದು ಬೇರೆ. ಎರಡನೆಯದರ ಯೋಚನೆ ಮಾಡಲೂ ಕನಿಷ್ಠ ಮೂರು ವರ್ಷದ ಚಿಕಿತ್ಸೆ, ಅದರಲ್ಲಿ ಕೊನೆಯ ಎರಡು ವರ್ಷ ಎಎಲ್‌ಟಿ, ಐಜಿಜಿ ಸಹಜವಾಗಿಯೇ ಇರಬೇಕು ಎಂದಿದ್ದವು ಯುರೋಪಿನ 2015ರ ಮಾರ್ಗಸೂಚಿಗಳು. ಅಷ್ಟಾದರೂ ಪೂರ್ತಿ ಬಿಟ್ಟವರಲ್ಲಿ ಅರ್ಧದಿಂದ ಮುಕ್ಕಾಲಿಗೂ ಮೇಲ್ಪಟ್ಟ ಜನರಿಗೆ ಮರುಕಳಿಸುತ್ತದೆ, ಹೆಚ್ಚಾಗಿ ಮೊದಲ ವರ್ಷದೊಳಗೆ. ದಿನಕ್ಕೆ 5 ಮಿಲಿಗ್ರಾಂನಲ್ಲಿ ಗಟ್ಟಿಯಾಗಿ ನಿಂತು ಹೊಲ ಮನೆ ನೋಡಿಕೊಳ್ಳುವವರಿಗೆ ಅದೇ ಒಳ್ಳೆಯ ಜಾಗ ಇರಬಹುದು. ಅಂಥವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಮೂಳೆಯ ತಪಾಸಣೆ, ವರ್ಷಕ್ಕೊಮ್ಮೆ ಕಣ್ಣು ಮತ್ತು ಸಕ್ಕರೆ ತಪ್ಪಬಾರದು.

11. ಬಾಣಂತನಕ್ಕೆ ಹೋಗುವಾಗ

ಬಸಿರಿನಲ್ಲಿ ಕಾಯಿಲೆ ಎಷ್ಟೋ ಸಲ ತಣ್ಣಗಿರುತ್ತದೆ, ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ತಲೆ ಎತ್ತುತ್ತದೆ. ಆ ಹೊತ್ತಿಗೆ ಮಗಳು ರಾಮದುರ್ಗದ ತವರಿನಲ್ಲಿರುತ್ತಾಳೆ, ಫೈಲು ನೇಸರಗಿಯ ಗಂಡನ ಮನೆಯ ಟ್ರಂಕಿನಲ್ಲಿರುತ್ತದೆ. ಬಸಿರೆಂದು ತಿಳಿದ ಕೂಡಲೇ ಹೆದರಿ ಗುಳಿಗೆ ಬಿಡಬಾರದು. ಪ್ರೆಡ್ನಿಸೊಲೋನ್, ಅಜಥಯೋಪ್ರಿನ್ ಎರಡನ್ನೂ ಸಾಮಾನ್ಯವಾಗಿ ತಜ್ಞರು ಮುಂದುವರಿಸುತ್ತಾರೆ. ಮಗುವಿಗೆ ಹಾಲು ಕುಡಿಸಲೂ ಅಡ್ಡಿಯಿಲ್ಲ. ಹೆರಿಗೆ ಮಾಡಿಸುವವರಿಗೆ ಸ್ಟೀರಾಯ್ಡಿನ ವಿಷಯ ಗೊತ್ತಿರಬೇಕು, ಹೆರಿಗೆಯ ಹೊತ್ತಿಗೆ ಇಂಜೆಕ್ಷನ್ ಬೇಕಾಗುತ್ತದೆ. ಕುಬಸದ ದಿನ ಬುತ್ತಿ ಕಟ್ಟುವಾಗಲೇ ಫೈಲನ್ನೂ ಚೀಲಕ್ಕೆ ಹಾಕಿ ಎಂದು ಅತ್ತೆಗೆ ಹೇಳುತ್ತೇನೆ. ಹೆರಿಗೆಯಾದ ಮೇಲೆ ಆರು ತಿಂಗಳು, ತಿಂಗಳಿಗೊಂದು ಎಎಲ್‌ಟಿ. ಮೊದಲನೆಯದರ ತಾರೀಖನ್ನು ಫೈಲಿನ ಮೇಲೆಯೇ ಬರೆದು ಕಳಿಸುತ್ತೇನೆ.