ಹಕ್ಕಿ ನೋಡುವ ದುರ್ಬೀನು

ಜೋಗದ ಕಮರಿಗೆ ಧುಮುಕಿ, ಗೇರುಸೊಪ್ಪೆಯ ಕಾಡುಗಳ ನಡುವೆ ಹಾದು ಬರುವ ಶರಾವತಿ ನದಿಯು ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಸೇರುವ ಮೊದಲು ಅದು ಬಹಳ ಅಗಲವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ನದಿಯನ್ನು ದಾಟಲು ಕೊಂಕಣ ರೈಲ್ವೆಯವರು 2 ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆಯನ್ನು ಕಟ್ಟಬೇಕಾಯಿತು. ಚಳಿಗಾಲದ ಬೆಳಗಿನಲ್ಲಿ, ಸಮುದ್ರದ ಇಳಿತದ ಹೊತ್ತಿಗೆ, ಈ ಅಳಿವೆಯ ದಡದಲ್ಲಿ ನಿಂತವನಿಗೆ ಒಂದು ನೋಟ ಕಾಣುತ್ತದೆ. ನೀರು ಸರಿದು ಮೇಲೆದ್ದ ಮರಳದಿಣ್ಣೆಯ ಮೇಲೆ ಬೂದುಬಣ್ಣದ ಚುಕ್ಕೆಗಳು ಸಾಲುಸಾಲಾಗಿ ಓಡುತ್ತವೆ, ತಟಕ್ಕನೆ ನಿಲ್ಲುತ್ತವೆ, ಬಾಗುತ್ತವೆ, ಮತ್ತೆ ಓಡುತ್ತವೆ. ಅವು ಹಕ್ಕಿಗಳೆಂಬುದು ಬರಿಗಣ್ಣಿಗೂ ತಿಳಿಯುತ್ತದೆ. ಯಾವ ಹಕ್ಕಿಗಳೆಂಬುದು ಮಾತ್ರ ತಿಳಿಯುವುದಿಲ್ಲ.

ಆ ಚುಕ್ಕೆಗಳಲ್ಲಿ ಕೆಲವು ‘ಕೆಂಟಿಷ್ ಪ್ಲವರ್’ ಎಂಬ ಹಕ್ಕಿಗಳಾಗಿರಬಹುದು; ಇನ್ನು ಕೆಲವು ‘ಸ್ಯಾಂಡ್ ಪ್ಲವರ್’ ಎಂಬವು ಆಗಿರಬಹುದು. ಎರಡೂ ಗುಬ್ಬಿಗಿಂತ ತುಸು ದೊಡ್ಡವು. ಚಳಿಗಾಲದಲ್ಲಿ ಎರಡಕ್ಕೂ ಮೇಲ್ಗಡೆ ಮಣ್ಣಿನ ಬಣ್ಣ, ಹೊಟ್ಟೆ ಬಿಳಿ. ಮೊದಲನೆಯದರ ಕತ್ತಿನ ಹಿಂಭಾಗದಲ್ಲಿ ಒಂದು ಬಿಳಿಯ ಪಟ್ಟಿ ಇರುತ್ತದೆ. ಎರಡನೆಯದಕ್ಕೆ ಅದು ಇರುವುದಿಲ್ಲ. ಬೆರಳಿನಷ್ಟೂ ಅಗಲವಿಲ್ಲದ ಆ ಪಟ್ಟಿಯನ್ನು ಕಂಡವನು ಸ್ಯಾಂಡ್ ಪ್ಲವರ್ ಲಡಾಖ್, ಟಿಬೆಟ್ ಮೊದಲಾದ ಎತ್ತರದ ನಾಡುಗಳಲ್ಲಿ ಮರಿಮಾಡಿ ಕರಾವಳಿಗೆ ಇಳಿದು ಬಂದ ಅತಿಥಿಯೆಂದು ಬರೆದಿಡಬಲ್ಲನು. ಕಾಣದವನಿಗೆ ಉಳಿಯುವುದು ಊಹೆ ಮಾತ್ರ. ಹಕ್ಕಿಯನ್ನು ಹೆದರಿಸದೆ, ದೂರದಲ್ಲಿಯೇ ನಿಂತು ಆ ಪಟ್ಟಿಯನ್ನು ಕಾಣುವಂತೆ ಮಾಡುವ ಸಾಧನವೇ ದುರ್ಬೀನು.

ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರಿಸುವ ದೂರದರ್ಶಕವನ್ನು ಗೆಲಿಲಿಯೋ 1609ರಲ್ಲಿ ಆಕಾಶದ ಕಡೆಗೆ ತಿರುಗಿಸಿದನು. ಅವನ ಸಾಧನದಲ್ಲಿ ಬಿಂಬವು ನೇರವಾಗಿ ಕಾಣುತ್ತಿತ್ತು. ಆದರೆ ನೋಟದ ವಿಸ್ತಾರ ಬಹಳ ಕಿರಿದಾಗಿತ್ತು. ಎರಡು ಪೀನ ಮಸೂರಗಳನ್ನು ಬಳಸಿದ ಮುಂದಿನ ದೂರದರ್ಶಕಗಳಲ್ಲಿ ವಿಸ್ತಾರ ಹೆಚ್ಚಿತು. ಆದರೆ ಬಿಂಬ ತಲೆಕೆಳಗಾಯಿತು. ನಕ್ಷತ್ರಗಳನ್ನು ನೋಡುವವನಿಗೆ ಅದರಿಂದ ತೊಂದರೆಯಿಲ್ಲ. ಹಕ್ಕಿ ಎಡಕ್ಕೆ ಹಾರಿದರೆ ಬಲಕ್ಕೆ ಹಾರಿದಂತೆ ಕಾಣುವ ಸಾಧನದಿಂದ ಪಕ್ಷಿವೀಕ್ಷಕನಿಗೇನು ಪ್ರಯೋಜನ? ಇಟಲಿಯ ಇಗ್ನಾಜಿಯೊ ಪೊರ್ರೊ ಎಂಬವನು ಗಾಜಿನ ಪಟ್ಟಕಗಳೊಳಗೆ ಬೆಳಕನ್ನು ಪ್ರತಿಫಲಿಸಿ ಬಿಂಬವನ್ನು ನೇರಮಾಡುವ ಉಪಾಯಕ್ಕೆ 1854ರಲ್ಲಿ ಹಕ್ಕುಪತ್ರ ಪಡೆದನು. ಅದೇ ತತ್ತ್ವದ ಮೇಲೆ ಅರ್ನ್ಸ್ಟ್ ಆಬೆ ರೂಪಿಸಿದ ದುರ್ಬೀನುಗಳನ್ನು ಜರ್ಮನಿಯ ಯೇನಾ ನಗರದ ಜೈಸ್ ಸಂಸ್ಥೆಯು 1894ರಲ್ಲಿ ಮಾರುಕಟ್ಟೆಗೆ ತಂದಿತು. ಇಂದಿನ ದುರ್ಬೀನುಗಳೆಲ್ಲ ಆ ವಂಶದವೇ.

ದುರ್ಬೀನಿನ ಮೈಮೇಲೆ 8×42 ಅಥವಾ 10×42 ಎಂಬಂಥ ಎರಡು ಸಂಖ್ಯೆಗಳನ್ನು ಅಚ್ಚೊತ್ತಿರುತ್ತಾರೆ. ಕೊಳ್ಳುವವನು ಮೊದಲು ಅರಿಯಬೇಕಾದುದು ಇವುಗಳ ಅರ್ಥವನ್ನು. ಮೊದಲನೆಯ ಸಂಖ್ಯೆ ವರ್ಧನೆಯನ್ನು ಸೂಚಿಸುತ್ತದೆ. 400 ಮೀಟರ್ ದೂರದಲ್ಲಿರುವ ಹಕ್ಕಿ ಎಂಟು ಪಟ್ಟು ವರ್ಧಿಸುವ ದುರ್ಬೀನಿನಲ್ಲಿ 50 ಮೀಟರ್ ದೂರದಲ್ಲಿರುವಂತೆಯೂ, ಹತ್ತು ಪಟ್ಟು ವರ್ಧಿಸುವುದರಲ್ಲಿ 40 ಮೀಟರ್ ದೂರದಲ್ಲಿರುವಂತೆಯೂ ಕಾಣುತ್ತದೆ. ಎರಡನೆಯ ಸಂಖ್ಯೆಯು ಮುಂಭಾಗದ ಮಸೂರದ ವ್ಯಾಸವನ್ನು ಮಿಲಿಮೀಟರುಗಳಲ್ಲಿ ತಿಳಿಸುತ್ತದೆ. ಮಸೂರ ದೊಡ್ಡದಾದಷ್ಟೂ ಹೆಚ್ಚು ಬೆಳಕು ಒಳಗೆ ಬರುತ್ತದೆ. ಅಷ್ಟೇ ತೂಕವೂ ಹೆಚ್ಚುತ್ತದೆ.

ಹೊಸಬರು ಹೆಚ್ಚು ವರ್ಧನೆಗೆ ಮನಸೋಲುವುದು ಸಹಜ. ಎಂಟಕ್ಕಿಂತ ಹತ್ತು, ಹತ್ತಕ್ಕಿಂತ ಹದಿನೈದು ಮೇಲಲ್ಲವೆ ಎಂದು ತೋರುತ್ತದೆ. ಆದರೆ ದುರ್ಬೀನು ಹಕ್ಕಿಯನ್ನು ಹಿಗ್ಗಿಸುವಂತೆಯೇ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಕರಾವಳಿಯ ಗಾಳಿಯಲ್ಲಿ ನಿಂತು, ಅಥವಾ ತೇಲಾಡುವ ದೋಣಿಯಲ್ಲಿ ಕುಳಿತು ಹದಿನೈದು ಪಟ್ಟಿನ ದುರ್ಬೀನನ್ನು ಹಿಡಿದವನಿಗೆ ದೊಡ್ಡದಾಗಿ ಕುಣಿಯುವ ಒಂದು ಮಬ್ಬು ರೂಪ ಕಾಣುವುದೇ ಹೊರತು ಕತ್ತಿನ ಬಿಳಿಯ ಪಟ್ಟಿ ಕಾಣುವುದಿಲ್ಲ. ವರ್ಧನೆ ಹೆಚ್ಚಿದಂತೆ ನೋಟದ ವಿಸ್ತಾರವೂ ಕುಗ್ಗುತ್ತದೆ. ಸಾವಿರ ಮೀಟರ್ ದೂರದಲ್ಲಿ ಎಂಟು ಪಟ್ಟಿನ ಒಳ್ಳೆಯ ದುರ್ಬೀನು ಸುಮಾರು 130 ಮೀಟರ್ ಅಗಲದ ನೋಟವನ್ನು ತೋರಿಸಿದರೆ, ಹತ್ತು ಪಟ್ಟಿನದು ಸುಮಾರು 110 ಮೀಟರನ್ನು ತೋರಿಸುತ್ತದೆ. ಕಾಂಡ್ಲಾ ಗಿಡಗಳ ಸಂದಿಯಿಂದ ಚಿಮ್ಮಿ ಹಾರುವ ಮಿಂಚುಳ್ಳಿಯನ್ನು ಹಿಂಬಾಲಿಸಲು ವಿಸ್ತಾರವೇ ಬೇಕು. ವಿಶಾಲವಾದ ಮರಳದಿಣ್ಣೆಯಲ್ಲಿ ನಿಶ್ಚಲವಾಗಿ ನಿಂತ ಹಕ್ಕಿಗೆ ಹತ್ತು ಪಟ್ಟು ನೆರವಾಗಬಹುದು. ನದಿಯ ಆಚೆಯ ದಡದ ಹಕ್ಕಿಗಾದರೋ ಕೈಯಲ್ಲಿ ಹಿಡಿಯುವ ಯಾವ ದುರ್ಬೀನೂ ಸಾಲದು. ಅದಕ್ಕೆ ಮುಕ್ಕಾಲಿಯ ಮೇಲೆ ನಿಲ್ಲಿಸುವ ದೂರದರ್ಶಕವೇ ಆಗಬೇಕು.

ಇನ್ನು ಬೆಳಕಿನ ವಿಚಾರ. ಮುಂಭಾಗದ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 8×42ರಲ್ಲಿ ಅದು 5.25 ಮಿಲಿಮೀಟರ್; 10×42ರಲ್ಲಿ 4.2 ಮಿಲಿಮೀಟರ್. ನಡುಹಗಲಿನಲ್ಲಿ ಮನುಷ್ಯನ ಕಣ್ಣಿನ ಪಾಪೆಯು ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ತೆರೆದಿರುವುದರಿಂದ ಆಗ ಈ ಎರಡರಲ್ಲಿ ಭೇದ ಕಾಣದು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ದಟ್ಟವಾದ ಕಾಡಿನ ನೆರಳಿನಲ್ಲಿ ಪಾಪೆಯು ಹಿಗ್ಗುತ್ತದೆ. ಹಕ್ಕಿಗಳು ಚುರುಕಾಗಿರುವುದೂ ಹೆಚ್ಚಾಗಿ ನಸುಕಿನಲ್ಲಿಯೇ. ಹೆಚ್ಚಿನ ಪಕ್ಷಿವೀಕ್ಷಕರು 8×42 ಅಳತೆಯನ್ನು ಮೆಚ್ಚುವುದಕ್ಕೆ ಇದೇ ಕಾರಣ.

ಒಂದೇ ಅಳತೆಯ ಎರಡು ದುರ್ಬೀನುಗಳಲ್ಲಿ ಒಂದಕ್ಕೆ ಕೆಲವು ಸಾವಿರ ರೂಪಾಯಿ, ಇನ್ನೊಂದಕ್ಕೆ ಲಕ್ಷಕ್ಕೂ ಮೀರಿದ ಬೆಲೆ ಏಕೆ? ಉತ್ತರವಿರುವುದು ಗಾಜಿನಲ್ಲಿ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಅಂಥ ಹತ್ತು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಬೆಳಕಿನ ಮೂರನೆಯ ಒಂದು ಪಾಲು ನಷ್ಟವಾಗುತ್ತದೆ. ಹಾಗೆ ಚದುರಿದ ಬೆಳಕು ದುರ್ಬೀನಿನೊಳಗೆಯೇ ಅಲೆದಾಡಿ ಬಿಂಬದ ಮೇಲೆ ಮಂಜಿನ ಪರದೆಯನ್ನು ಎಳೆಯುತ್ತದೆ. ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಈ ಪ್ರತಿಫಲನವನ್ನು ತಗ್ಗಿಸುವ ತೆಳುಲೇಪವನ್ನು ಕಂಡುಹಿಡಿದನು. ಇಂದಿನ ಶ್ರೇಷ್ಠ ದುರ್ಬೀನುಗಳ ಮಸೂರಗಳಿಗೆ ಅಂಥ ಲೇಪಗಳನ್ನು ಪದರಪದರವಾಗಿ ಬಳಿದಿರುವುದರಿಂದ ನೂರಕ್ಕೆ ತೊಂಬತ್ತರಷ್ಟು ಬೆಳಕು ಕಣ್ಣನ್ನು ಮುಟ್ಟುತ್ತದೆ. ಮಧ್ಯಾಹ್ನದ ಸಮುದ್ರದ ಕೋರೈಸುವ ನೀರಿನ ಎದುರಿಗೆ ರೀವ ಹಕ್ಕಿಯ ಕೊಕ್ಕಿನ ಬಣ್ಣವನ್ನು ಹೇಳಬೇಕಾದಾಗ ಈ ಲೇಪದ ಬೆಲೆ ತಿಳಿಯುತ್ತದೆ. ಸಾಧಾರಣ ಗಾಜಿನಲ್ಲಿ ಬೆಳ್ಳಕ್ಕಿಯ ರೆಕ್ಕೆಯಂಚಿಗೆ ನೇರಳೆ ಅಥವಾ ಹಸಿರು ಗೆರೆಯೊಂದು ಅಂಟಿಕೊಂಡಂತೆ ಕಾಣುವುದುಂಟು. ಬಣ್ಣಗಳನ್ನು ಹಾಗೆ ಹರಡದ ವಿಶೇಷ ಗಾಜನ್ನು ಬಳಸಿದಾಗ ಬಿಳುಪು ಬಿಳುಪಾಗಿಯೇ ಉಳಿಯುತ್ತದೆ.

ಹೊನ್ನಾವರದಂಥ ಊರಿನಲ್ಲಿ ಇನ್ನೊಂದು ಪರೀಕ್ಷೆಯುಂಟು. ಅದು ಮಳೆಗಾಲದ ಪರೀಕ್ಷೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಪೆಟ್ಟಿಗೆಯೊಳಗಿನ ಚರ್ಮದ ಚೀಲಕ್ಕೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ತೇವ ಒಳಹೊಕ್ಕ ದುರ್ಬೀನಿನ ಮಸೂರಕ್ಕೂ ಅದೇ ಗತಿ. ಜೇಡನ ಬಲೆಯಂತೆ ಹರಡುವ ಬೂಷ್ಟು ಗಾಜಿನ ಲೇಪವನ್ನೇ ತಿಂದುಬಿಟ್ಟರೆ ಒರೆಸಿ ತೆಗೆಯಲು ಬಾರದು. ಒಳ್ಳೆಯ ದುರ್ಬೀನುಗಳನ್ನು ನೀರು ನುಗ್ಗದಂತೆ ಬಿಗಿದು, ಒಳಗೆ ಒಣ ಸಾರಜನಕವನ್ನು ತುಂಬಿರುತ್ತಾರೆ. ಈ ಕರಾವಳಿಯಲ್ಲಿ ಇದನ್ನು ಮೂಲಭೂತ ಅಗತ್ಯವೆಂದೇ ಎಣಿಸಬೇಕು. ಹಾಗಿದ್ದರೂ ಆರೈಕೆ ತಪ್ಪದು. ಮಸೂರದ ಮೇಲೆ ಕುಳಿತ ಮರಳನ್ನು ಮೊದಲು ಊದಿ ಹಾರಿಸಿ, ಆಮೇಲೆ ಮೆತುವಾದ ಬಟ್ಟೆಯಿಂದ ಒರೆಸಬೇಕು. ಮರಳಿನ ಸಮೇತ ಉಜ್ಜಿದರೆ ಗಾಜು ಗೀಚಿಹೋಗುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲದಿಂದ ಹೊರತೆಗೆದು, ತೇವವನ್ನು ಹೀರುವ ಸಿಲಿಕಾ ಹರಳುಗಳೊಡನೆ ಬಿಗಿಯಾದ ಡಬ್ಬಿಯಲ್ಲಿ ಇಡುವುದು ಕ್ಷೇಮ.

ಸಾಧನವು ಎಷ್ಟೇ ಶ್ರೇಷ್ಠವಾದರೂ ಹಿಡಿಯುವವನ ಮೈಗೆ ಒಗ್ಗದಿದ್ದರೆ ನಿರುಪಯುಕ್ತ. ಇಬ್ಬರು ಮನುಷ್ಯರ ಕಣ್ಣುಗಳ ನಡುವಿನ ಅಂತರ ಒಂದೇ ಆಗಿರುವುದಿಲ್ಲ. ದುರ್ಬೀನಿನ ಎರಡು ನಳಿಗೆಗಳನ್ನು ಮಡಿಸಿ ಹೊಂದಿಸಿದಾಗ ಎರಡು ವೃತ್ತಗಳು ಕೂಡಿ ಒಂದೇ ವೃತ್ತವಾಗಬೇಕು. ಕನ್ನಡಕ ಧರಿಸುವವನು ಕಣ್ಣಿಗೂ ಗಾಜಿಗೂ ನಡುವೆ ಕಡಮೆಯೆಂದರೆ 15 ಮಿಲಿಮೀಟರ್ ಎಡೆ ಬಿಡುವ ದುರ್ಬೀನನ್ನೇ ಆರಿಸಬೇಕು. ಇಲ್ಲವಾದರೆ ನೋಟದ ಅಂಚೆಲ್ಲ ಕತ್ತಲಾಗುತ್ತದೆ. 42 ಮಿಲಿಮೀಟರಿನ ಹಲವು ದುರ್ಬೀನುಗಳು 700 ಗ್ರಾಮಿಗೂ ಮೇಲೆ ತೂಗುತ್ತವೆ. ಅಂಗಡಿಯಲ್ಲಿ ಒಂದು ನಿಮಿಷ ಹಿಡಿದಾಗ ಹಗುರವೆನಿಸಿದ್ದು ಮೂರು ಗಂಟೆ ಕೊರಳಲ್ಲಿ ನೇತಾಡಿದಾಗ ಭಾರವಾಗುತ್ತದೆ.

ಆದುದರಿಂದ ದುರ್ಬೀನನ್ನು ಹೆಸರು ನೋಡಿ ಕೊಳ್ಳದೆ, ಕಣ್ಣಿಟ್ಟು ನೋಡಿ ಕೊಳ್ಳಬೇಕು. ಅಂಗಡಿಯ ದೀಪದ ಕೆಳಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಹೊರಗೆ ಬಂದು, ಬೆಳ್ಳಗಿನ ಆಕಾಶದ ಎದುರಿಗಿರುವ ವಿದ್ಯುತ್ ತಂತಿಯನ್ನು ನೋಡಿದರೆ ಬಣ್ಣದ ಅಂಚು ಇದೆಯೇ ಎಂಬುದು ತಿಳಿಯುತ್ತದೆ. ಮರದ ಬುಡದ ನೆರಳನ್ನು ನೋಡಿದರೆ ಬೆಳಕಿನ ಗುಣ ತಿಳಿಯುತ್ತದೆ. ಐದು ನಿಮಿಷ ನೋಡಿದ ಮೇಲೆ ಕಣ್ಣು ಸೆಳೆದರೆ ಎರಡು ನಳಿಗೆಗಳು ಸಮಾನಾಂತರವಾಗಿಲ್ಲವೆಂದು ಶಂಕಿಸಬಹುದು. ಜರ್ಮನಿ, ಆಸ್ಟ್ರಿಯ, ಜಪಾನ್ ದೇಶಗಳ ಹೆಸರಾಂತ ತಯಾರಕರ ದುರ್ಬೀನುಗಳು ಈ ಪರೀಕ್ಷೆಗಳಲ್ಲಿ ಗೆಲ್ಲುವುದು ನಿಜ. ಆದರೆ ಬೆಲೆ ಇಮ್ಮಡಿಯಾದೊಡನೆ ನೋಟ ಇಮ್ಮಡಿಯಾಗುವುದಿಲ್ಲ. ಅಗ್ಗದ ದುರ್ಬೀನಿಗೂ ಮಧ್ಯಮ ದರ್ಜೆಯದಕ್ಕೂ ಇರುವ ಅಂತರ ದೊಡ್ಡದು. ಮಧ್ಯಮದಿಂದ ಅತ್ಯುತ್ತಮಕ್ಕೆ ಏರುವಾಗ ಹಣ ಹಲವು ಪಟ್ಟು ಹೆಚ್ಚುತ್ತದೆ, ನೋಟ ಕೊಂಚವೇ ಸುಧಾರಿಸುತ್ತದೆ. ಆ ಕೊಂಚಕ್ಕಾಗಿ ಅಷ್ಟು ಹಣ ತೆರಬೇಕೆ ಎಂಬುದನ್ನು ಕೊಳ್ಳುವವನ ಕೆಲಸ ನಿರ್ಧರಿಸಬೇಕು, ಪ್ರತಿಷ್ಠೆಯಲ್ಲ. ಶಾಲೆಯೊಂದು ಹತ್ತಾರು ಮಕ್ಕಳಿಗಾಗಿ ಕೊಳ್ಳುವುದಾದರೆ, ಒಂದು ಅತ್ಯುತ್ತಮವಾದುದಕ್ಕಿಂತ ಮಧ್ಯಮ ದರ್ಜೆಯ ನಾಲ್ಕು ದುರ್ಬೀನುಗಳೇ ಲೇಸು.

ಇಷ್ಟೆಲ್ಲ ಎಚ್ಚರಿಕೆಯಿಂದ ನೋಡಿ ಒಂದು ಹಕ್ಕಿಯ ಹೆಸರನ್ನು ಬರೆದಿಡುವುದರಿಂದ ಆಗುವುದೇನು? ಹೊನ್ನಾವರಕ್ಕೆ ಉತ್ತರದಲ್ಲಿ, ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ಅಳಿವೆಯಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಬಳಚು ಹೆಕ್ಕುವವರು, ಮೀನು ಹಿಡಿಯುವವರು, ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುವವರು ಆ ನೀರನ್ನೇ ನಂಬಿ ಬದುಕುತ್ತಾರೆ, ಹಕ್ಕಿಗಳೂ ಹಾಗೆಯೇ. ಅದೇ ಅಳಿವೆಯ ತದಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವನ್ನು ಕಟ್ಟುವ ಯೋಜನೆಯೊಂದಿತ್ತು. ಜನರು ವಿರೋಧಿಸಿದರು; ಅಳಿವೆಯ ಜೀವಸಂಪತ್ತನ್ನು ವಿಜ್ಞಾನಿಗಳು ಎಣಿಸಿ ವಿವರಿಸಿದರು; ಯೋಜನೆ ಮುಂದುವರಿಯಲಿಲ್ಲ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದುದನ್ನು ಪ್ರಕಟಿಸಲಾಯಿತು. 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ಆದ ಒಪ್ಪಂದದಿಂದ ಹುಟ್ಟಿದ ಪಟ್ಟಿ ಅದು. ಅದಕ್ಕೆ ಸೇರಲು ಇರುವ ಅರ್ಹತೆಗಳಲ್ಲಿ ಒಂದು ಹೀಗಿದೆ: ಯಾವುದಾದರೊಂದು ಜಾತಿಯ ಜಲಪಕ್ಷಿಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಪಾಲಾದರೂ ಆ ಸ್ಥಳವನ್ನು ನಿಯತವಾಗಿ ಆಶ್ರಯಿಸಿರಬೇಕು. ಯಾರೋ ದಡದಲ್ಲಿ ನಿಂತು, ಜಾತಿಯನ್ನು ಸರಿಯಾಗಿ ಗುರುತಿಸಿ, ಒಂದೊಂದಾಗಿ ಎಣಿಸದೆ ಆ ಒಂದು ಪಾಲಿನ ಲೆಕ್ಕ ಸಿಗುವುದಿಲ್ಲ. 1987ರಲ್ಲಿ ಭಾರತ ಉಪಖಂಡದಲ್ಲಿ ಆರಂಭವಾದ ಏಷ್ಯಾ ಜಲಪಕ್ಷಿ ಗಣತಿಯಲ್ಲಿ ಪ್ರತಿ ಜನವರಿಯಲ್ಲಿಯೂ ಸ್ವಯಂಸೇವಕರು ಮಾಡುವುದು ಇದೇ ಕೆಲಸ.

ದುರ್ಬೀನು ಹಿಡಿದವನು ಪಾಲಿಸಬೇಕಾದ ನಿಯಮಗಳು ಕೆಲವು ಉಂಟು. ಅದನ್ನು ಎಂದಿಗೂ ಸೂರ್ಯನ ಕಡೆಗೆ ತಿರುಗಿಸಬಾರದು. ಮುಳುಗುವ ಸೂರ್ಯನನ್ನು ಸಹ ನೋಡಬಾರದು. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಕೆಡಬಹುದು. ದೂರದಿಂದ ನೋಡಲೆಂದೇ ಮಾಡಿದ ಸಾಧನವನ್ನು ಹಿಡಿದುಕೊಂಡು ಹಕ್ಕಿಯ ಗೂಡಿನ ಬಳಿಗೆ ಹೋಗಬಾರದು. ಮೊದಲು ಬರಿಗಣ್ಣಿನಿಂದ ನೋಡಲು ಕಲಿಯಬೇಕು. ರೀವಗಳು ಎಲ್ಲಿ ನೀರಿಗೆ ಎರಗುತ್ತವೆಂಬುದನ್ನು ನೋಡಿ ಮೀನಿನ ಗುಂಪನ್ನು ಅರಿಯುವ ಮೀನುಗಾರನ ಬಳಿ ದುರ್ಬೀನು ಇರುವುದಿಲ್ಲ. ಅವನ ಕಣ್ಣು ಪಳಗಿರುತ್ತದೆ.

ಕೊನೆಯದಾಗಿ, ಎಷ್ಟು ನೋಡಿದರೂ ಕತ್ತಿನ ಪಟ್ಟಿ ಕಾಣದೆ ಹಕ್ಕಿ ಹಾರಿಹೋಗುವ ಸಂದರ್ಭಗಳು ಬರುತ್ತವೆ. ಅತ್ಯುತ್ತಮ ದುರ್ಬೀನು ಇದ್ದವನಿಗೂ ಅದು ತಪ್ಪಿದ್ದಲ್ಲ. ಆಗ ಅಂದಾಜಿನ ಹೆಸರೊಂದನ್ನು ಬರೆದು ಪಟ್ಟಿಯನ್ನು ಉದ್ದಮಾಡುವವನಿಗಿಂತ, ತನ್ನ ಪುಸ್ತಕದಲ್ಲಿ ‘ಗುರುತಿಸಲಾಗಲಿಲ್ಲ’ ಎಂದು ಬರೆದು ಮರುದಿನ ಇಳಿತದ ಹೊತ್ತಿಗೆ ಮತ್ತೆ ಅದೇ ದಡಕ್ಕೆ ಬರುವವನೇ ನಿಜವಾದ ಪಕ್ಷಿವೀಕ್ಷಕ.