ಒಂದೇ ಹಾಸಿಗೆ, ಎರಡು ಪಾಳಿ

ಕಾಲೇಜು ಹುಡುಗರು ಥ್ರಿಲ್ಲರ್ ಕಿರುಚಿತ್ರ ಮಾಡಬೇಕೆಂದು ಕೂತರೆ ಮೊದಲು ಹುಟ್ಟುವವನು ಕೊಲೆಗಾರ. ಅವನಿಗೊಂದು ಕಪ್ಪು ಜಾಕೆಟ್, ಬಾಲ್ಯದಲ್ಲೊಂದು ಪೆಟ್ಟು. ಅವನ ಬೆನ್ನಿಗೇ ನಿದ್ದೆಗೆಟ್ಟ ಇನ್ಸ್‌ಪೆಕ್ಟರ್, ಆಮೇಲೆ ಕತ್ತಲಲ್ಲಿ ಓಡುವ ಹುಡುಗಿ. ಸೂರತ್ತಿನಿಂದ ಮುಂಬೈ ಕಡೆಗೆ ಹೊರಟ ರೈಲು ಭೇಸ್ತಾನ್ ದಾಟಿದ ಮೇಲೆ ನಿಲ್ಲುವ ಸಚಿನ್ ಎಂಬ ಊರಿನ ವಿದ್ಯಾರ್ಥಿಗಳ ಗುಂಪೊಂದು ಬರೆದ ಮೊದಲ ಪಟ್ಟಿಯಲ್ಲೂ ಇದೇ ಮೂವರಿದ್ದರು, ಜೊತೆಗೆ ಇನ್ನೂ ನಾಲ್ವರು. ಏಳು ಪಾತ್ರಕ್ಕೂ ಒಂದೊಂದು ಹಾಳೆ: ಹೆಸರು, ವಯಸ್ಸು, ಎತ್ತರ, ಮೆಚ್ಚಿನ ಬಣ್ಣ, ಯಾವುದರ ಭಯ. ಹಾಳೆಗಳು ಅಚ್ಚುಕಟ್ಟಾಗಿದ್ದವು. ಕಥೆ ಮಾತ್ರ ಇದ್ದಲ್ಲಿಂದ ಕದಲುತ್ತಿರಲಿಲ್ಲ.

ಕೆಲಸಕ್ಕಾಗಿ ಸೂರತ್ತಿಗೆ ಬಂದು ಇಲ್ಲೇ ಉಳಿದ ಕನ್ನಡಿಗ ನಾನು. ಭಾನುವಾರಗಳಲ್ಲಿ ಆ ಗುಂಪಿನ ಜೊತೆ ಕೂರುತ್ತಿದ್ದೆ. ಕನ್ನಡದ ಥ್ರಿಲ್ಲರುಗಳನ್ನು ಹುಡುಕಿ ತಂದು ತೋರಿಸುವುದು ನನ್ನ ಪಾಲಿಗೆ ಬಂದ ಕೆಲಸ. ಹುಡುಗರ ಮನೆಮಾತು ಒಡಿಯಾ, ಮರಾಠಿ, ಭೋಜಪುರಿ, ಗುಜರಾತಿ ಹೀಗೆ ಒಬ್ಬೊಬ್ಬರದು ಒಂದೊಂದು. ಸಬ್‌ಟೈಟಲ್ ಓದಿಕೊಂಡೇ ಅವರು ಕನ್ನಡ ಚಿತ್ರಗಳನ್ನು ಬಿಡಿಸಿ ಬಿಡಿಸಿ ನೋಡಿದರು. ಪಾತ್ರ ಕಟ್ಟುವುದರ ಬಗ್ಗೆ ಇವತ್ತು ನನಗೆ ಏನಾದರೂ ತಿಳಿದಿದ್ದರೆ ಅದರಲ್ಲಿ ಬಹುಪಾಲು ಅವರ ಜೊತೆ ಕೂತು ಕಲಿತದ್ದು.

ಮೊದಲು ನೋಡಿದ್ದು ಪವನ್ ಕುಮಾರ್ ಅವರ 'ಯೂ ಟರ್ನ್' (2016). ಶ್ರದ್ಧಾ ಶ್ರೀನಾಥ್ ಮಾಡಿದ ರಚನಾ ಪತ್ರಿಕೆಯೊಂದರಲ್ಲಿ ಇಂಟರ್ನ್. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಡಿವೈಡರ್ ಕಲ್ಲು ಸರಿಸಿ ತಿರುಗಿಸಿಕೊಂಡು ಹೋಗುವ ಬೈಕಿನವರ ಬಗ್ಗೆ ಅವಳು ಲೇಖನ ಬರೆಯಬೇಕು. ಅಲ್ಲೇ ಬೀದಿಯಲ್ಲಿ ಬದುಕುವ ಒಬ್ಬಾತ ಅವಳಿಗಾಗಿ ಗಾಡಿಗಳ ನಂಬರ್ ಬರೆದಿಡುತ್ತಾನೆ. ಆ ನಂಬರಿನ ಒಡೆಯನೊಬ್ಬ ಸತ್ತಾಗ ಪೊಲೀಸರು ನೇರ ಅವಳ ಬಾಗಿಲಿಗೆ ಬರುತ್ತಾರೆ. ಅವಳು ಕಷ್ಟಪಟ್ಟು ಕೂಡಿಸಿದ ಪಟ್ಟಿಯೇ ಅವಳ ಕುತ್ತಿಗೆಗೆ ಬೀಳುತ್ತದೆ. ರಚನಾಳ ಮೆಚ್ಚಿನ ಬಣ್ಣ ಯಾವುದೆಂದು ಆ ಸಂಜೆ ಯಾರೂ ಕೇಳಲಿಲ್ಲ.

ರವಿಚಂದ್ರನ್ ಅಭಿನಯದ 'ದೃಶ್ಯ' (2014) ಇನ್ನೂ ಸ್ಪಷ್ಟ. ರಾಜೇಂದ್ರ ಪೊನ್ನಪ್ಪ ಕೇಬಲ್ ಟಿವಿ ನಡೆಸುವವನು, ಓದು ಅಷ್ಟಕ್ಕಷ್ಟೆ, ಸಿನಿಮಾ ನೋಡುವುದೇ ಗೀಳು. ಮನೆಗೆ ಆಪತ್ತು ಬಂದಾಗ ಅವನ ಕೈಗೆ ಬರುವ ಆಯುಧವೂ ಅದೇ. ನೋಡಿದ್ದು ಜನರ ತಲೆಯಲ್ಲಿ ಹೇಗೆ ಉಳಿಯುತ್ತದೆ ಎಂಬುದು ಅವನಿಗೆ ಗೊತ್ತು, ಹಾಗಾಗಿ ಸಾಕ್ಷಿಗಳ ನೆನಪಿನಲ್ಲಿ ದಿನಾಂಕವನ್ನೇ ಅದಲುಬದಲು ಮಾಡಬಲ್ಲ. ಹೇಮಂತ್ ರಾವ್ ಅವರ 'ಕವಲುದಾರಿ'ಯಲ್ಲಿ (2019) ದಾರಿ ಬೇರೆ. ನೆಲ ಅಗೆಯುವಾಗ ಸಿಕ್ಕ ತಲೆಬುರುಡೆಗಳ ಬೆನ್ನು ಹತ್ತುವ ಶ್ಯಾಮ್ ಟ್ರಾಫಿಕ್ ಪೊಲೀಸ್. ಅಪರಾಧದ ತನಿಖೆ ಅವನ ಇಲಾಖೆಯದಲ್ಲ. ಒಬ್ಬನಿಗೆ ವೃತ್ತಿ ದಾರಿ ಕೊಡುತ್ತದೆ, ಇನ್ನೊಬ್ಬನಿಗೆ ಅಡ್ಡ ನಿಲ್ಲುತ್ತದೆ. ಎರಡರಿಂದಲೂ ಕಥೆ ಹುಟ್ಟುತ್ತದೆ.

ಅಲ್ಲಿಂದ ಹಾಳೆಗಳು ಬದಲಾದವು. ಮೊದಲ ಸಾಲಿನಲ್ಲಿ ಹೆಸರಿನ ಜಾಗಕ್ಕೆ ಒಂದು ಪ್ರಶ್ನೆ ಬಂತು: ಈ ವ್ಯಕ್ತಿ ದಿನಾ ಮಾಡುವ ಕೆಲಸದಿಂದ ಇವನಿಗೆ ಮಾತ್ರ ಗೊತ್ತಾಗುವುದೇನು, ಅದೇ ಕೆಲಸದಿಂದಾಗಿ ಇವನ ಕಣ್ಣಿಗೆ ಎಂದೂ ಬೀಳದೆ ಹೋಗುವುದೇನು?

ಈ ಪ್ರಶ್ನೆ ಇಟ್ಟುಕೊಂಡು ಊರು ನೋಡಿದರೆ ಸಚಿನ್ ಬೇರೆಯೇ ಕಾಣುತ್ತದೆ. ಜಿಐಡಿಸಿ ಕೈಗಾರಿಕಾ ವಸಾಹತಿನ ಪವರ್‌ಲೂಮುಗಳು, ಬಟ್ಟೆಗೆ ಬಣ್ಣ ಹಾಕುವ ಮಿಲ್‌ಗಳು, ಅವುಗಳ ಸುತ್ತ ಒಡಿಶಾದ ಗಂಜಾಂ, ಉತ್ತರ ಪ್ರದೇಶ, ಬಿಹಾರ, ಮಹಾರಾಷ್ಟ್ರದಿಂದ ಬಂದವರ ಬಾಡಿಗೆ ಕೋಣೆಗಳು. ಲೂಮಿನಲ್ಲಿ ಹನ್ನೆರಡು ಗಂಟೆಯ ಪಾಳಿ, ಕೂಲಿ ನೇಯ್ದ ಮೀಟರಿನ ಲೆಕ್ಕದಲ್ಲಿ. ಯಂತ್ರದ ಸದ್ದಿಗೆ ಮಾತು ಕೇಳಿಸುವುದಿಲ್ಲ. ಕೈಸನ್ನೆಯಲ್ಲೇ ಎಲ್ಲ ವ್ಯವಹಾರ. ಸೂರತ್ತಿನ ಲೂಮ್ ಕಾರ್ಮಿಕರ ಕೋಣೆಗಳಲ್ಲಿ ಒಂದೇ ಹಾಸಿಗೆಯನ್ನು ಇಬ್ಬರು ಹಂಚಿಕೊಳ್ಳುವುದು ಸಾಮಾನ್ಯ. ಹಗಲು ಪಾಳಿಯವನು ಎದ್ದು ಹೋದಮೇಲೆ ರಾತ್ರಿ ಪಾಳಿಯವನು ಬಂದು ಮಲಗುತ್ತಾನೆ.

ಇದನ್ನು ಗುಂಪಿಗೆ ಹೇಳಿದವನು ಒಬ್ಬ ಒಡಿಯಾ ಹುಡುಗ. ಅವನ ಚಿಕ್ಕಪ್ಪ ವರ್ಷಗಟ್ಟಲೆ ಹಾಗೆ ಮಲಗಿದವರು. ಅವನಿಗೆ ಅದು ಹೇಳುವಂಥ ವಿಷಯವೆಂದೇ ಅನ್ನಿಸಿರಲಿಲ್ಲ. ಉಳಿದವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಕಪ್ಪು ಜಾಕೆಟ್ಟಿನ ಕೊಲೆಗಾರ ಅವತ್ತೇ ಮೂಲೆಗೆ ಸರಿದ.

ಕಥೆಯ ಎಳೆ ಇಷ್ಟು: ಹಗಲು ಪಾಳಿಯವನು ಸಂಜೆ ಬಂದಾಗ ಹಾಸಿಗೆ ಅವನು ಬೆಳಗ್ಗೆ ಮಡಿಚಿಟ್ಟ ಹಾಗೇ ಇದೆ. ರಾತ್ರಿಯವನು ಬಂದೇ ಇಲ್ಲ. ಪೊಲೀಸರು ಕೇಳುತ್ತಾರೆ, "ಆಳು ಹೇಗಿದ್ದ?" ಎರಡು ವರ್ಷ ಒಂದೇ ದಿಂಬಿಗೆ ತಲೆ ಕೊಟ್ಟವನಿಗೆ ಉತ್ತರ ಗೊತ್ತಿಲ್ಲ.

ಹಾಗಾದರೆ ಗೊತ್ತಿರುವುದೇನು? ಇಲ್ಲಿಯೇ ನಾವು ಅತಿ ಹೆಚ್ಚು ಹೊತ್ತು ಕಳೆದದ್ದು. ಒಬ್ಬ ಹುಡುಗಿ ಅಂಥದ್ದೊಂದು ಕೋಣೆಗೆ ಹೋಗಿ, ಅಲ್ಲಿನವರನ್ನು ಕೇಳಿ, ಗೋಡೆಯನ್ನು ಮಾತ್ರ ನೋಡಿ ಬರೆದುಕೊಂಡು ಬಂದಳು. ಒಬ್ಬೊಬ್ಬರಿಗೆ ಒಂದೊಂದು ಮೊಳೆ, ಮೊಳೆಗೆ ಪ್ಯಾಂಟು, ಪ್ಯಾಂಟಿನ ಮೇಲೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಆಧಾರ್ ಕಾರ್ಡಿನ ಜೆರಾಕ್ಸ್. ಒಂದೇ ಪ್ಲಗ್ಗಿಗೆ ನೇತುಬಿದ್ದ ಚಾರ್ಜರುಗಳು, ಯಾರದು ಯಾವುದೆಂದು ತಿಳಿಯಲು ವೈರಿಗೆ ಸುತ್ತಿದ ಬಣ್ಣಬಣ್ಣದ ನೂಲು. ಲೂಮಿನಿಂದಲೇ ಬಂದ ನೂಲದು. ಹೀಗಾಗಿ ನಮ್ಮ ರಾತ್ರಿಯವನನ್ನು ಹಗಲಿನವನು ಬಲ್ಲದ್ದು ದಿಂಬಿನ ಮೇಲಿನ ತೆಂಗಿನೆಣ್ಣೆಯ ಕಲೆಯಿಂದ, ಚಾರ್ಜರಿನ ಹಸಿರು ನೂಲಿನಿಂದ, ಟ್ರಂಕಿಗೆ ಕಳೆದ ವಾರ ಬಂದ ಹೊಸ ಬೀಗದಿಂದ. ಪಾತ್ರದ ಹಾಳೆಯಲ್ಲಿ ಅವನ ಸ್ವಭಾವದ ಬಗ್ಗೆ ಒಂದು ಪದವೂ ಉಳಿಯಲಿಲ್ಲ. ಆದರೂ ಏಳು ಹಾಳೆಗಳಲ್ಲಿ ಅದರಷ್ಟು ಜೀವ ಬಂದದ್ದು ಬೇರೊಂದಿಲ್ಲ.

ಜೊತೆಗೆ ಗೋಡೆಗೊಂದು ದೊಡ್ಡ ಕಾಗದ ಅಂಟಿಸಿದೆವು. ಅಡ್ಡಕ್ಕೆ ದೃಶ್ಯಗಳು, ಉದ್ದಕ್ಕೆ ಪಾತ್ರಗಳು, ಕೊನೆಯ ಸಾಲು ಪ್ರೇಕ್ಷಕನಿಗೆ. ಪ್ರತಿ ಚೌಕದಲ್ಲೂ ಆ ಹೊತ್ತಿಗೆ ಅವರಿಗೆ ಏನು ಗೊತ್ತು ಎಂದಷ್ಟೇ ಬರೆಯಬೇಕು. ಮೇಲಿನಿಂದ ಕೆಳಗೆ ಎಲ್ಲ ಚೌಕಗಳಲ್ಲೂ ಒಂದೇ ಮಾತು ಇದ್ದರೆ ಆ ದೃಶ್ಯದಲ್ಲಿ ಬಿಗಿ ಇಲ್ಲವೆಂದೇ ಅರ್ಥ. ಇಬ್ಬರ ಚೌಕ ಸದಾ ಒಂದೇ ಥರ ತುಂಬುತ್ತಿದ್ದರೆ ಅವರು ಎರಡು ಪಾತ್ರವಲ್ಲ, ಒಂದೇ. ಇನ್ಸ್‌ಪೆಕ್ಟರ್ ಮತ್ತು ಅವನ ಸಹಾಯಕ ಒಂದಾದದ್ದು ಹೀಗೆ. ಪಾತ್ರ ಕಡಿಮೆ ಮಾಡಲು ಹಿಂಜರಿದವರಿಗೆ ಯಶ್ ಚೋಪ್ರಾ ಅವರ 'ಇತ್ತೆಫಾಕ್' (1969) ನೆರವಾಯಿತು. 'ಧುಮ್ಮಸ್' ಎಂಬ ಗುಜರಾತಿ ನಾಟಕದಿಂದ ಬಂದ ಚಿತ್ರ, ಹಾಡಿಲ್ಲ, ಬಹುಪಾಲು ಒಂದೇ ಮನೆ, ಒಂದೇ ರಾತ್ರಿ. ಏಳು ಪಾತ್ರ ನಾಲ್ಕಕ್ಕೆ ಇಳಿದವು.

ಎದುರಾಳಿಯ ವಿಷಯಕ್ಕೆ ಬಂದಾಗ ಹುಡುಗರ ಬಾಯಲ್ಲಿದ್ದದ್ದು 'ವಶ್' (2023). ಕೃಷ್ಣದೇವ್ ಯಾಜ್ಞಿಕ್ ಅವರ ಈ ಗುಜರಾತಿ ಚಿತ್ರ ಹಿಂದಿಯಲ್ಲಿ 'ಶೈತಾನ್' ಆಯಿತು. ಜಾನಕಿ ಬೋಡಿವಾಲಾ ಅವರಿಗೆ ಪೋಷಕ ನಟಿಯ ರಾಷ್ಟ್ರಪ್ರಶಸ್ತಿಯನ್ನೂ ತಂದಿತು. ಅದರಲ್ಲಿ ಹಿತೇನ್ ಕುಮಾರ್ ಮಾಡಿದ ಅಪರಿಚಿತನ ಮಾಟಕ್ಕಿಂತ ನನ್ನನ್ನು ಹಿಡಿದದ್ದು ಅವನ ಬೇಡಿಕೆಯ ಖಚಿತತೆ. ಅವನಿಗೆ ಬೇಕಾದದ್ದು ಒಂದೇ, ಜಾನಕಿ ಮಾಡಿದ ಆ ಹುಡುಗಿ. ಬೇಡಿಕೆ ಖಚಿತವಾದಷ್ಟೂ ಎದುರಾಳಿಗೆ ಅರಚುವ ಅಗತ್ಯ ಬೀಳುವುದಿಲ್ಲ.

ನಮ್ಮ ಎದುರಾಳಿಗೆ ಏನು ಬೇಕು? 2022ರ ಜನವರಿ 6ರ ಬೆಳಗಿನ ಜಾವ ಸಚಿನ್ ಜಿಐಡಿಸಿಯಲ್ಲಿ ಟ್ಯಾಂಕರೊಂದರಿಂದ ರಾಸಾಯನಿಕ ತ್ಯಾಜ್ಯವನ್ನು ಚರಂಡಿಗೆ ಬಿಟ್ಟಾಗ ಎದ್ದ ವಿಷಾನಿಲಕ್ಕೆ ಆರು ಕಾರ್ಮಿಕರು ಸತ್ತರು. ಹಲವರು ಆಸ್ಪತ್ರೆ ಸೇರಿದರು. ಊರಲ್ಲಿ ಅದನ್ನು ಮರೆತವರಿಲ್ಲ. ರಾತ್ರಿಯವನು ಇಂಥದ್ದೇ ಟ್ಯಾಂಕರ್ ನೋಡಿರಬಹುದು ಎಂದು ಒಬ್ಬ ಹೇಳಿದ. ಬಹಳ ಚರ್ಚೆಯಾಯಿತು. ಸತ್ತವರ ಮನೆಗಳು ಇರುವಾಗ ಅವರ ಸಾವನ್ನು ನಮ್ಮ ಕ್ಲೈಮ್ಯಾಕ್ಸಿಗೆ ಬಳಸುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ಹೇಳಿದೆ, ಈಗಲೂ ಹೇಳುತ್ತೇನೆ. ಟ್ಯಾಂಕರ್ ಉಳಿಯಿತು, ಆ ಘಟನೆ, ಆ ಜಾಗ, ಆ ಸಾವುಗಳು ಕಥೆಗೆ ಬರಲಿಲ್ಲ. ಎದುರಾಳಿ ಟ್ಯಾಂಕರಿನ ಚಾಲಕನಾದ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನು, ಗಾಡಿಯ ಸಾಲ ಕಟ್ಟುವವನು. ತನ್ನನ್ನು ಕಂಡ ಒಬ್ಬನ ಬಾಯಿ ಮುಚ್ಚಿದರೆ ಸಾಕು ಅವನಿಗೆ.

ಇನ್ನೊಂದು ಸಂಗತಿ ಹೇಳಲೇಬೇಕು. ಮೊದಲ ಪಟ್ಟಿಯಲ್ಲಿ ಅನುಮಾನಕ್ಕೆ ಗುರಿಯಾಗುವವನು ವಲಸೆ ಕಾರ್ಮಿಕ, ಕಾರಣ ಅವನು ಹೊರಗಿನವನು ಎಂಬುದಷ್ಟೇ. ಬರೆದವರಲ್ಲಿ ಅರ್ಧಕ್ಕರ್ಧ ಮಂದಿ ವಲಸೆ ಬಂದವರ ಮಕ್ಕಳು! ನೂರಾರು ಸಿನಿಮಾಗಳು ತಲೆಯಲ್ಲಿ ಕೂರಿಸಿದ ರೂಢಿಯದು. ಹೊಸ ಕಥೆಯಲ್ಲೂ ಪೊಲೀಸರು ಹಗಲಿನವನನ್ನೇ ಮೊದಲು ಅನುಮಾನಿಸುತ್ತಾರೆ. ಆದರೆ ಆ ಅನುಮಾನ ಎಲ್ಲಿಂದ ಬಂತು ಎಂಬುದು ಈಗ ಚಿತ್ರದೊಳಗೇ ಕಾಣುತ್ತದೆ.

ಓಡುವ ಹುಡುಗಿಯ ಗತಿ? ಭಾರತದ ಮೊದಲ ಚಿತ್ರ ನಿರ್ದೇಶಕಿ ಎನ್ನಿಸಿಕೊಂಡ, 1926ರಲ್ಲಿ 'ಬುಲ್‌ಬುಲ್-ಎ-ಪರಿಸ್ತಾನ್' ಮಾಡಿದ ಫಾತ್ಮಾ ಬೇಗಂ ಅವರ ಹೆಸರು ಸಿದ್ದಿ ವಂಶದ ಸಚಿನ್ ನವಾಬರ ಜೊತೆ ಚಿತ್ರಚರಿತ್ರೆಗಳಲ್ಲಿ ಬರುತ್ತದೆ. 1931ರ 'ಆಲಂ ಆರಾ' ನಾಯಕಿ ಜುಬೇದಾ ಈ ಫಾತ್ಮಾ ಬೇಗಂ ಅವರ ಮಗಳು, ಹುಟ್ಟಿದ್ದು ಸೂರತ್ತಿನಲ್ಲಿ. ಇದನ್ನು ಕೇಳಿದ ಹುಡುಗಿಯರು ನಮ್ಮ ಊರಿನ ಚಿತ್ರದಲ್ಲಿ ಹೆಣ್ಣಿಗೆ ಕಿರುಚುವುದೊಂದೇ ಕೆಲಸವೇ ಎಂದು ಹಟ ಹಿಡಿದರು. ಅವರಿಗೆ ಉತ್ತರ ಸಿಕ್ಕಿದ್ದು ಗೋಡೆಯ ಕಾಗದದಲ್ಲಿ. ಎರಡೂ ಪಾಳಿಯವರಿಗೆ ಟಿಫಿನ್ ಕೊಡುವ ಖಾನ್‌ದೇಶದ ಹೆಂಗಸೊಬ್ಬಳು, ಎಲ್ಲರ ಬಾಯಲ್ಲೂ 'ಮಾವಶಿ', ಒಂದೇ ಮಾತಿನ ಪಾತ್ರವಾಗಿ ಕೆಳಗಿದ್ದಳು. ಅವಳ ಸಾಲು ತುಂಬುತ್ತಾ ಹೋದಂತೆ ಗೊತ್ತಾಯಿತು, ಇಬ್ಬರ ಮುಖವನ್ನೂ ದಿನಾ ನೋಡುವವಳು ಅವಳೊಬ್ಬಳೇ. ಯಾರ ಡಬ್ಬಿ ಮುಟ್ಟದೆ ವಾಪಸ್ ಬಂತು ಎಂಬುದು ಪೊಲೀಸರಿಗಿಂತ ಮೊದಲು ತಿಳಿಯುವುದು ಅವಳಿಗೆ. ಕಥೆ ಅವಳ ಕೈಗೆ ಹೋಯಿತು.

ಮೈಸೂರಿನ ಚಿದಾನಂದ ನಾಯಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಹದಿನಾರು ನಿಮಿಷದ ಚಿತ್ರ. ಒಬ್ಬ ಮುದುಕಿ ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಕೇ ಹರಿಯುವುದಿಲ್ಲ. ಅದು ಥ್ರಿಲ್ಲರ್ ಅಲ್ಲ. ಆದರೂ ಒಂದು ಪಾತ್ರ, ಒಂದು ಕೆಲಸ, ಅದರಿಂದ ಇಡೀ ಊರಿಗೆ ಬಂದೊದಗುವ ಸ್ಥಿತಿ, ಇಷ್ಟರಲ್ಲೇ ಅದು ನಿಂತಿರುವುದನ್ನು ಹುಡುಗರು ಗುರುತಿಸಿದರು.

ಈಗ ಉಳಿದಿರುವುದು ಚಿತ್ರೀಕರಣದ ಲೆಕ್ಕಾಚಾರ. ದೀಪಾವಳಿಗೆ ಲೂಮುಗಳು ನಿಲ್ಲುತ್ತವೆ, ಕಾರ್ಖಾನೆಯೊಳಗೆ ಮಾತು ಧ್ವನಿಮುದ್ರಿಸಲು ಅದೇ ಸಮಯ. ಆದರೆ ಆ ಹೊತ್ತಿಗೆ ಕಾರ್ಮಿಕರು ಊರಿಗೆ ಹೊರಟಿರುತ್ತಾರೆ, ಮೊಳೆಗಳು ಖಾಲಿಯಾಗಿರುತ್ತವೆ. ಹಾಗಾಗಿ ಕೋಣೆಯ ದೃಶ್ಯಗಳನ್ನು ಮೊದಲು, ಪಾಳಿ ಬದಲಾಗುವ ಸಂಜೆ ಏಳರ ಹೊತ್ತಿನಲ್ಲಿ ತೆಗೆಯುವುದೆಂದಾಗಿದೆ. ಮಾವಶಿಯ ಪಾತ್ರಕ್ಕೆ ನಿಜವಾಗಿ ಟಿಫಿನ್ ಕೊಡುವ ಒಬ್ಬರನ್ನೇ ಕೇಳಿದ್ದಾರೆ. ಅಡುಗೆ ಮುಗಿದ ಮೇಲೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಬರುತ್ತೇನೆ ಎಂದು ಅವರು ಒಪ್ಪಿದ್ದಾರೆ.